ಸೇನೆಯ ಆಳ್ವಿಕೆಯಲ್ಲಿ ಬರ್ಮಾದ ಅಲ್ಪಸಂಖ್ಯಾತ ಹೆಂಗಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಬರ್ಮಾದ ಸುದ್ದಿ ನಮ್ಮ ಪೇಪರುಗಳಲ್ಲಿ ಬಂದಾಗ ಎರಡು ಮೂರು ಹೆಸರುಗಳೇ ಕಾಣುತ್ತವೆ. ಒಬ್ಬ ಸೇನಾಧಿಕಾರಿ, ಪ್ರಜಾಪ್ರಭುತ್ವಕ್ಕಾಗಿ ಹೋರಾಡಿದ ನಾಯಕಿ ಆಂಗ್ ಸಾನ್ ಸೂ ಕಿ, ಈಚೆಗೆ ರೋಹಿಂಗ್ಯಾ ಮುಸ್ಲಿಮರು. ಕರೆನ್, ಶಾನ್, ಕಚಿನ್, ಚಿನ್ ಹೆಂಗಸರ ಮಾತು ಬರುವುದೇ ಅಪರೂಪ. ಈ ವಿಷಯ ಎತ್ತಿದಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವು ಉತ್ತರ ಓದಲು ಕಷ್ಟವಾಗುತ್ತದೆ. ಆದರೂ ಓದಿ.

ಬರ್ಮಾನಾ, ಮ್ಯಾನ್ಮಾರಾ? ಯಾವುದು ಸರಿ?

ದೇಶ ಒಂದೇ. ಹಳೇ ಮನೆಯ ಬಾಗಿಲು ತೋರಿಸಿ ‘ಇದು ಬರ್ಮಾ ತೇಗ’ ಅನ್ನುತ್ತಿದ್ದರಲ್ಲ, ಅದೇ ಬರ್ಮಾ. 1989ರಲ್ಲಿ ಸೇನಾ ಸರ್ಕಾರ ಜನರನ್ನು ಕೇಳದೆ ಹೆಸರು ಬದಲಿಸಿತು. ಸೇನೆಯನ್ನು ವಿರೋಧಿಸುವ ಅನೇಕರು ಇವತ್ತಿಗೂ ಬರ್ಮಾ ಅಂತಲೇ ಹೇಳುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಅಲ್ಪಸಂಖ್ಯಾತರು ಅಂದರೆ ಅಲ್ಲಿ ಯಾರು?

ದೇಶದ ಜನರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಬಮಾರ್ ಜನ. ಅವರ ಮಾತು ಬರ್ಮೀಸ್, ಬಹುಪಾಲು ಬೌದ್ಧರು, ಇರಾವತಿ ನದಿಯ ಬಯಲಿನವರು. ಸುತ್ತಲಿನ ಗಡಿಯ ಉದ್ದಕ್ಕೂ ಕಚಿನ್, ಕರೆನ್ನಿ, ಕರೆನ್, ಚಿನ್, ಮೋನ್, ರಖೈನ್, ಶಾನ್ ಜನ ಇದ್ದಾರೆ. ಏಳೂ ಜನರ ಹೆಸರಿನಲ್ಲಿ ಏಳು ರಾಜ್ಯಗಳಿವೆ. ಇವರಲ್ಲದೆ ಪಲಾಂಗ್, ಲಾಹು, ನಾಗಾ, ಇನ್ನೂ ಎಷ್ಟೋ ಜನ. ಸರ್ಕಾರದ ಪಟ್ಟಿಯಲ್ಲಿ 135 ಜನಾಂಗಗಳಿವೆ. ಅದರಲ್ಲಿ ರೋಹಿಂಗ್ಯಾ ಇಲ್ಲ.

ಜಗಳ ಶುರುವಾದದ್ದು ಹೇಗೆ?

1947ರ ಫೆಬ್ರವರಿ 12ರಂದು ಪಾಂಗ್ಲಾಂಗ್ ಎಂಬ ಶಾನ್ ಊರಿನಲ್ಲಿ ಒಂದು ಒಪ್ಪಂದವಾಯಿತು. ಗಡಿಯ ಜನರಿಗೆ ಅವರ ಪ್ರದೇಶದ ಆಡಳಿತ ಅವರದೇ ಕೈಯಲ್ಲಿ ಇರುತ್ತದೆ ಅಂತ ಮಾತು ಕೊಟ್ಟವರು ಆಂಗ್ ಸಾನ್, ಸೂ ಕಿ ಅವರ ತಂದೆ. ಐದೇ ತಿಂಗಳಲ್ಲಿ ಅವರ ಕೊಲೆಯಾಯಿತು. 1948ರ ಜನವರಿಯಲ್ಲಿ ಸ್ವಾತಂತ್ರ್ಯ ಬಂತು, ಕೊಟ್ಟ ಮಾತು ಉಳಿಯಲಿಲ್ಲ. 1949ರಲ್ಲಿ ಕರೆನ್ನರು ಬಂದೂಕು ಹಿಡಿದರು. 1962ರ ಮಾರ್ಚ್ 2ರಂದು ಜನರಲ್ ನೆ ವಿನ್ ಅಧಿಕಾರ ಕಿತ್ತುಕೊಂಡ. ಅಲ್ಲಿಂದ ಇಲ್ಲಿವರೆಗೆ, 2011ರಿಂದ 2021ರ ನಡುವಿನ ಒಂದಿಷ್ಟು ಸಡಿಲ ಬಿಟ್ಟರೆ, ಸೇನೆಯ ಕೈಯೇ ಮೇಲು.

ಯುದ್ಧ ಅಂದಮೇಲೆ ಎಲ್ಲರಿಗೂ ಕಷ್ಟ ತಾನೆ? ಹೆಂಗಸರದ್ದೇ ಬೇರೆ ಅಂತ ಯಾಕೆ ಹೇಳಬೇಕು?

ಅತಿ ಜಾಸ್ತಿ ಕೇಳುವ ಪ್ರಶ್ನೆ ಇದು. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1960ರ ದಶಕದಲ್ಲಿ ಬರ್ಮಾ ಸೇನೆ ‘ನಾಲ್ಕು ಕಡಿತ’ ಎಂಬ ತಂತ್ರ ತಂದಿತು. ಬಂಡುಕೋರರಿಗೆ ಅನ್ನ, ಹಣ, ಸುದ್ದಿ, ಹೊಸ ಜನ ಈ ನಾಲ್ಕೂ ಸಿಗದ ಹಾಗೆ ಮಾಡುವುದು. ಹೇಗೆ? ಈ ನಾಲ್ಕೂ ಬರುವುದು ಹಳ್ಳಿಯಿಂದ. ಹಾಗಾಗಿ ಹಳ್ಳಿಯನ್ನೇ ಎಬ್ಬಿಸುವುದು. ಕಣಜಕ್ಕೆ ಬೆಂಕಿ, ಗದ್ದೆಗೆ ನೆಲಬಾಂಬು, ಊರಿಗೆ ಊರೇ ಸೇನೆಯ ಕಣ್ಣಳತೆಯ ಜಾಗಕ್ಕೆ ವರ್ಗ. ಶಾನ್ ರಾಜ್ಯದ ನಡುಭಾಗದಲ್ಲಿ 1996ರಿಂದ ಎರಡೇ ವರ್ಷದಲ್ಲಿ 1,400ಕ್ಕೂ ಹೆಚ್ಚು ಹಳ್ಳಿಗಳ 3 ಲಕ್ಷಕ್ಕೂ ಹೆಚ್ಚು ಜನರನ್ನು ಹೀಗೆ ಎಬ್ಬಿಸಿದರು.

ಈಗ ಒಂದು ಮನೆಯನ್ನು ನೋಡಿ. ಸೈನಿಕರು ಬರುತ್ತಾರೆ ಅಂತ ಗೊತ್ತಾದ ಕೂಡಲೇ ಗಂಡಸರು ಕಾಡಿಗೆ ಓಡುತ್ತಾರೆ. ಸಿಕ್ಕರೆ ಬಂಡುಕೋರ ಅಂತ ಹೊಡೆದು ಹಾಕುತ್ತಾರೆ, ಇಲ್ಲವೆ ಮೂಟೆ ಹೊರಲು ಎಳೆದೊಯ್ಯುತ್ತಾರೆ. ಮನೆಯಲ್ಲಿ ಉಳಿಯುವವರು ಹೆಂಗಸರು, ಮುದುಕರು, ಮಕ್ಕಳು. ಆ ಹೆಂಗಸು ಮಗು ಬಿಟ್ಟು ಓಡಲಾರಳು. ಬಸುರಿಯಾದರೆ ಬೆಟ್ಟ ಹತ್ತಲಾರಳು. ಗಂಡಸು ಸಿಗಲಿಲ್ಲ ಅಂತ ಮೂಟೆ ಇವಳ ಬೆನ್ನಿಗೇ ಬೀಳುತ್ತದೆ. ರಾತ್ರಿ ಆದ ಮೇಲೆ ಅದೇ ಸೈನಿಕರ ಬಿಡಾರದಲ್ಲಿ ಇವಳು ಮಲಗಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವಿಚಾರಣಾ ಆಯೋಗ 1998ರಲ್ಲಿ ಈ ಬಿಟ್ಟಿ ಚಾಕರಿಯನ್ನು ವಿವರವಾಗಿ ದಾಖಲಿಸಿತು. ನೆಲಬಾಂಬು ಇರಬಹುದು ಅಂತ ಹೆಂಗಸರನ್ನೇ ಮುಂದೆ ನಡೆಸಿದ, ರಸ್ತೆ ಗುಡಿಸಲು ಹಚ್ಚಿದ ಸಂಗತಿಗಳೂ ಇವೆ.

ಕಷ್ಟ ಎಲ್ಲರಿಗೂ ಇತ್ತು, ನಿಜ. ಇವಳಿಗೆ ಮಾತ್ರ ಜನಾಂಗದ ಹೆಸರಿನಲ್ಲಿ ಒಂದು ಪೆಟ್ಟು, ಹೆಣ್ಣು ಅಂತ ಇನ್ನೊಂದು.

ಕರೆನ್ ಹಳ್ಳಿಗಳಲ್ಲಿ ಹೆಂಗಸರೇ ಊರ ಮುಖ್ಯಸ್ಥರಂತೆ. ಅದು ಒಳ್ಳೇ ಬದಲಾವಣೆ ಅಲ್ವಾ?

ದೂರದಿಂದ ಹಾಗೆ ಕಾಣುತ್ತದೆ. ಒಳಗಿನ ಕಥೆ ಬೇರೆ.

ಮೊದಲು ಈ ಕೆಲಸ ಗಂಡಸರದ್ದೇ ಆಗಿತ್ತು. ಸೇನೆ ಬಂದು ಅವರನ್ನು ಹೊಡೆಯತೊಡಗಿತು, ಕೊಂದೂ ಬಿಡುತ್ತಿತ್ತು. 1980ರ ದಶಕದ ಹೊತ್ತಿಗೆ ಯಾವ ಗಂಡಸೂ ಮುಂದೆ ಬರದಾದ. ಹೆಂಗಸರನ್ನು ಕೊಲ್ಲಲಿಕ್ಕಿಲ್ಲ ಎಂಬ ನಂಬಿಕೆಯಲ್ಲಿ ಊರಿನವರು ಹೆಂಗಸರನ್ನು ನಿಲ್ಲಿಸಿದರು. ಎಷ್ಟೋ ಕಡೆ ಅಜ್ಜಿಯರನ್ನು. ಕೆಲವು ಊರಲ್ಲಿ ಸರದಿ ಪ್ರಕಾರ, ಈ ತಿಂಗಳು ನೀನು, ಬರುವ ತಿಂಗಳು ಅವಳು.

ಕೆಲಸ ಏನು ಗೊತ್ತಾ? ಹತ್ತಿರದ ಸೇನಾ ಠಾಣೆಯಿಂದ ಚೀಟಿ ಬರುತ್ತದೆ. ಇಷ್ಟು ಆಳು ಕಳಿಸು, ಇಷ್ಟು ಬಿದಿರು, ಇಷ್ಟು ಅಕ್ಕಿ, ಇಷ್ಟು ಕೋಳಿ. ತಡವಾದರೆ ಇನ್ನೊಂದು ಚೀಟಿ. ಆ ಚೀಟಿಯ ಜೊತೆ ಕೆಲವು ಸಲ ಒಂದು ಮೆಣಸಿನಕಾಯಿ ಇಟ್ಟು ಕಳಿಸುತ್ತಿದ್ದರು. ಕೆಲವು ಸಲ ಒಂದು ತುಂಡು ಇದ್ದಿಲು. ಕೆಲವು ಸಲ ಒಂದು ಗುಂಡು. ಮೆಣಸಿನಕಾಯಿ ಅಂದರೆ ನಿಮಗೆ ಉರಿ ಹತ್ತಿಸುತ್ತೇವೆ. ಇದ್ದಿಲು ಅಂದರೆ ಊರು ಸುಡುತ್ತೇವೆ. ಗುಂಡಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಂಥ ಚೀಟಿಗಳನ್ನು ಕರೆನ್ ಮಾನವ ಹಕ್ಕು ಕಾರ್ಯಕರ್ತರು ಒಂದೊಂದಾಗಿ ಕೂಡಿಟ್ಟಿದ್ದಾರೆ.

ಅಡುಗೆಮನೆಯಲ್ಲಿ ದಿನವೂ ಕೈಗೆ ಸಿಗುವ ಎರಡು ವಸ್ತು, ಮೆಣಸಿನಕಾಯಿ ಮತ್ತು ಇದ್ದಿಲು. ಅದನ್ನೇ ಬೆದರಿಕೆ ಮಾಡಿ ಒಬ್ಬ ಹೆಂಗಸಿನ ಕೈಗೆ ಕಳಿಸುತ್ತಾರೆ. ಓದಿದ ದಿನದಿಂದ ಈ ವಿವರ ನನ್ನ ತಲೆಯಿಂದ ಹೋಗಿಲ್ಲ.

ಆ ಚೀಟಿ ಹಿಡಿದು ಅವಳು ಠಾಣೆಗೆ ಒಬ್ಬಳೇ ಹೋಗಬೇಕು. ಚೌಕಾಸಿ ಮಾಡಬೇಕು. ಹತ್ತು ಆಳು ಅಂದರೆ ಐದಕ್ಕೆ ಇಳಿಸಬೇಕು. ಹೊಡೆದರೆ ಹೊಡೆಸಿಕೊಳ್ಳಬೇಕು. ವಾಪಸ್ ಬಂದು ಯಾರ ಮನೆಯಿಂದ ಆಳು ಎಂದು ನಿರ್ಧರಿಸಿ, ಊರವರ ಕೋಪವನ್ನೂ ಹೊರಬೇಕು. ಕರೆನ್ ಮಹಿಳಾ ಸಂಘಟನೆ 2010ರಲ್ಲಿ ಇಂಥ 95 ಮುಖ್ಯಸ್ಥೆಯರ ಮಾತುಗಳನ್ನು ಹೊರತಂದಿತು. ಅದರಲ್ಲಿ ಏಟು, ಹಿಂಸೆ, ಅತ್ಯಾಚಾರ ಎಲ್ಲವೂ ಇದೆ. ಎಷ್ಟೋ ಊರು ಚದುರದೆ ಉಳಿದದ್ದು ಇವರಿಂದ ಎಂಬುದೂ ಇದೆ. ಇದನ್ನು ಅಧಿಕಾರ ಸಿಕ್ಕಿತು ಅಂತ ಕರೆಯಲು ನನಗೆ ಮನಸ್ಸಿಲ್ಲ.

ಅತ್ಯಾಚಾರವನ್ನು ಸೇನೆ ಅಸ್ತ್ರ ಮಾಡಿಕೊಂಡಿದೆ ಅಂತಾರೆ. ಕೆಲವು ಕೆಟ್ಟ ಸೈನಿಕರ ಕೆಲಸ ಇರಬಹುದಲ್ವಾ?

2002ರಲ್ಲಿ ಶಾನ್ ಮಾನವ ಹಕ್ಕುಗಳ ಪ್ರತಿಷ್ಠಾನ ಮತ್ತು ಶಾನ್ ಹೆಂಗಸರ ಸಂಘಟನೆ ಸೇರಿ ಒಂದು ವರದಿ ತಂದವು. ಹೆಚ್ಚಿನವು 1996ರಿಂದ 2001ರ ನಡುವಿನ 173 ಪ್ರಕರಣಗಳು, 625 ಹೆಣ್ಣುಮಕ್ಕಳು. ನೂರಕ್ಕೆ 83 ಪ್ರಕರಣಗಳಲ್ಲಿ ತಪ್ಪು ಮಾಡಿದವನು ಅಧಿಕಾರಿ, ಅದೂ ಎಷ್ಟೋ ಸಲ ತನ್ನ ಪಡೆಯವರ ಕಣ್ಣೆದುರಿಗೇ. ನೂರಕ್ಕೆ 61ರಲ್ಲಿ ಗುಂಪು ಅತ್ಯಾಚಾರ. ನಾಲ್ಕರಲ್ಲಿ ಒಂದು ಪ್ರಕರಣದಲ್ಲಿ ಕೊಲೆಯೂ ಆಗಿತ್ತು. 173ರಲ್ಲಿ ಮೇಲಧಿಕಾರಿ ಶಿಕ್ಷೆ ಕೊಟ್ಟದ್ದು ಒಂದೇ ಒಂದು ಸಲ.

ಅಧಿಕಾರಿಯೇ ಮಾಡುತ್ತಾನೆ, ಕೆಳಗಿನವರು ನೋಡುತ್ತಾರೆ, ಶಿಕ್ಷೆ ಇಲ್ಲ. ಇದು ವರ್ಷಗಟ್ಟಲೆ, ಬೇರೆ ಬೇರೆ ಪಡೆಗಳಲ್ಲಿ ನಡೆಯುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. 2018ರಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಯುದ್ಧದಲ್ಲಿ ಲೈಂಗಿಕ ಹಿಂಸೆ ನಡೆಸುವ ಪಡೆಗಳ ಪಟ್ಟಿಗೆ ಬರ್ಮಾ ಸೇನೆಯನ್ನು ಸೇರಿಸಿದರು. ಶಾನ್ ಹುಡುಗಿಯರು ಹೇಳಿ ಅಷ್ಟೊತ್ತಿಗೆ ಹದಿನಾರು ವರ್ಷವಾಗಿತ್ತು.

ಪೊಲೀಸ್, ಕೋರ್ಟು ಇಲ್ವಾ? ದೂರು ಕೊಡಬಹುದಲ್ಲ?

ಒಂದು ಪ್ರಕರಣ ಹೇಳುತ್ತೇನೆ. 2011ರ ಅಕ್ಟೋಬರ್. ಚೀನಾ ಗಡಿಯ ಹತ್ತಿರ ಒಂದು ಕಚಿನ್ ಕುಟುಂಬ ಜೋಳ ಮುರಿಯುತ್ತಿತ್ತು. ಸೈನಿಕರು ಬಂದು ಗಂಡ, ಹೆಂಡತಿ, ಮಾವ ಮೂವರನ್ನೂ ಹಿಡಿದು ಜೋಳ ಹೊರಿಸಿಕೊಂಡು ಹೊರಟರು. ದಾರಿಯಲ್ಲಿ ಗಂಡಸರಿಬ್ಬರು ತಪ್ಪಿಸಿಕೊಂಡರು. 28 ವರ್ಷದ ಆ ತಾಯಿ ವಾಪಸ್ ಬರಲೇ ಇಲ್ಲ. ಗಂಡ ಸುಪ್ರೀಂ ಕೋರ್ಟಿನವರೆಗೂ ಹೋದ. 2012ರಲ್ಲಿ ಸಾಕ್ಷಿ ಇಲ್ಲ ಅಂತ ಅರ್ಜಿ ವಜಾ ಆಯಿತು.

ಕೋರ್ಟಿಗೆ ಹೋಗುವ ಮೊದಲೇ ಕಾನೂನು ಬಾಗಿಲು ಹಾಕಿದೆ. ಸೇನೆಯೇ ಬರೆಸಿದ 2008ರ ಸಂವಿಧಾನದ 445ನೇ ವಿಧಿ ಹಳೆಯ ಸೇನಾ ಸರ್ಕಾರದವರು ಕರ್ತವ್ಯದ ಹೆಸರಿನಲ್ಲಿ ಮಾಡಿದ್ದಕ್ಕೆ ಕೇಸು ಹಾಕುವಂತಿಲ್ಲ ಅನ್ನುತ್ತದೆ. ಸೈನಿಕರ ವಿಚಾರಣೆ ಸೇನೆಯ ಕೋರ್ಟಿನಲ್ಲೇ. ಅಲ್ಲಿ ಸೇನಾ ಮುಖ್ಯಸ್ಥನ ಮಾತೇ ಕೊನೆ. ಪಾರ್ಲಿಮೆಂಟಿನ ನಾಲ್ಕನೇ ಒಂದು ಸೀಟು ಸೇನೆಯದು, ಸಂವಿಧಾನ ತಿದ್ದಲು ಮುಕ್ಕಾಲಿಗಿಂತ ಹೆಚ್ಚು ಮತ ಬೇಕು. ಅಂದರೆ ಸೇನೆ ಒಪ್ಪದೆ ಒಂದು ಅಕ್ಷರವೂ ಬದಲಾಗದು. 352ನೇ ವಿಧಿಯಲ್ಲಿ ಸರ್ಕಾರಿ ನೇಮಕದಲ್ಲಿ ಭೇದ ಮಾಡಬಾರದು ಅಂತ ಬರೆದು, ಅದರ ಬೆನ್ನಿಗೇ ‘ಗಂಡಸರಿಗೆ ಮಾತ್ರ ಹೊಂದುವ ಹುದ್ದೆಗಳಿಗೆ ಗಂಡಸರನ್ನೇ ನೇಮಿಸಲು ಅಡ್ಡಿಯಿಲ್ಲ’ ಎಂಬರ್ಥದ ಸಾಲು ಸೇರಿಸಿದ್ದಾರೆ. ಹೆಂಗಸರ ಮೇಲಿನ ಭೇದ ತೊಡೆಯುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಇದೇ ದೇಶ 1997ರಲ್ಲೇ ಸಹಿ ಹಾಕಿತ್ತು.

ಹೊಡೆತ, ಬೆಂಕಿ ಬಿಟ್ಟರೆ ದಿನನಿತ್ಯದ ಭೇದ ಹೇಗಿರುತ್ತದೆ?

ಹೆಸರಿನಿಂದಲೇ ಶುರು. ಅಲ್ಲಿ ಮನೆತನದ ಹೆಸರಿಲ್ಲ. ಕರೆನ್ ಹುಡುಗಿಯ ಹೆಸರಿನ ಮುಂದೆ ‘ನಾ’, ಶಾನ್ ಹುಡುಗಿಗೆ ‘ನಾಂಗ್’, ಮೋನ್ ಹುಡುಗಿಗೆ ‘ಮಿ’ ಬರುತ್ತದೆ. ನಮ್ಮಲ್ಲಿ ನೀಲವ್ವ, ಗೌರಮ್ಮ ಅಂದ ಕೂಡಲೇ ಯಾವ ಕಡೆಯವರು ಅಂತ ಒಂದು ಅಂದಾಜು ಸಿಗುತ್ತಲ್ಲ, ಹಾಗೆ. ಸರ್ಕಾರಿ ಗುರುತಿನ ಚೀಟಿಯಲ್ಲಿ ಎಷ್ಟೋ ಜನರಿಗೆ ಅದನ್ನು ತೆಗೆದು ಬರ್ಮೀಸ್ ರೀತಿಯ ‘ಮಾ’ ಹಾಕಿಬಿಡುತ್ತಾರೆ.

ಆಮೇಲೆ ಭಾಷೆ. ದಶಕಗಳ ಕಾಲ ಸರ್ಕಾರಿ ಶಾಲೆಯಲ್ಲಿ ಬರ್ಮೀಸ್ ಒಂದೇ. ಆಸ್ಪತ್ರೆ, ಪೊಲೀಸ್, ಕೋರ್ಟು ಎಲ್ಲ ಅದರಲ್ಲೇ. ಗದ್ದೆಗೂ ಮಗ್ಗಕ್ಕೂ ಓಡಾಡಿಕೊಂಡು ಬೆಳೆದ ಹೆಂಗಸಿಗೆ ಆ ಭಾಷೆ ಬರುವುದು ಕಡಿಮೆ. ತನಗೆ ಏನಾಯಿತು ಅಂತ ಹೇಳಲು ಅವಳ ಮಾತೇ ಸಾಲದು. ಅದನ್ನು ತರ್ಜುಮೆ ಮಾಡುವವನು ಯಾರ ಕಡೆಯವನೋ!

ರೋಹಿಂಗ್ಯಾ ಹೆಂಗಸರ ಸ್ಥಿತಿಯೂ ಇದೇನಾ?

ಇನ್ನೂ ಕೆಳಗಿನದು. 1982ರ ಪೌರತ್ವ ಕಾನೂನು ರೋಹಿಂಗ್ಯಾ ಜನರನ್ನು ಹೊರಗೆ ನಿಲ್ಲಿಸಿತು. 1990ರ ದಶಕದಿಂದ ರಖೈನ್‌ನ ಉತ್ತರದಲ್ಲಿ ಇವರು ಮದುವೆಯಾಗಲು ಅಧಿಕಾರಿಗಳ ಅಪ್ಪಣೆ ಬೇಕಾಯಿತು. ಅಪ್ಪಣೆಗೆ ಲಂಚ, ಅದಕ್ಕೆ ವರ್ಷಗಟ್ಟಲೆ ಕಾಯುವುದು. 2005ರಲ್ಲಿ ಎರಡೇ ಮಕ್ಕಳು ಎಂಬ ಆದೇಶ. ಮೂರನೆಯ ಮಗುವಾದರೆ ಅದರ ಹೆಸರು ಸರ್ಕಾರಿ ಪಟ್ಟಿಗೆ ಸೇರುತ್ತಿರಲಿಲ್ಲ. ಹೆದರಿದ ಹೆಂಗಸರು ಕದ್ದುಮುಚ್ಚಿ ಗರ್ಭ ತೆಗೆಸಲು ಹೋಗಿ ಜೀವಕ್ಕೆ ಕುತ್ತು ತಂದುಕೊಂಡರು. 2015ರಲ್ಲಿ ‘ಜನಾಂಗ ಮತ್ತು ಧರ್ಮದ ರಕ್ಷಣೆ’ ಅಂತ ನಾಲ್ಕು ಕಾನೂನು ಬಂದವು. ಯಾರು ಯಾರನ್ನು ಮದುವೆಯಾಗಬೇಕು, ಎರಡು ಹೆರಿಗೆಯ ನಡುವೆ ಎಷ್ಟು ಅಂತರ ಎಂಬುದಕ್ಕೂ ಸರ್ಕಾರ ಕೈ ಹಾಕಿತು.

2017ರ ಆಗಸ್ಟ್ 25ರ ನಂತರ ಸೇನೆ ರೋಹಿಂಗ್ಯಾ ಹಳ್ಳಿಗಳ ಮೇಲೆ ನಡೆಸಿದ ದಾಳಿ ಎಲ್ಲರಿಗೂ ಗೊತ್ತು. 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ವಿಶ್ವಸಂಸ್ಥೆಯ ಸತ್ಯಶೋಧನಾ ಸಮಿತಿ ಗುಂಪು ಅತ್ಯಾಚಾರಗಳನ್ನು ದಾಖಲಿಸಿ, ನರಮೇಧದ ಉದ್ದೇಶದ ಬಗ್ಗೆ ಸೇನೆಯ ಮೇಲಿನವರನ್ನೇ ವಿಚಾರಿಸಬೇಕು ಅಂದಿತು. ಆಫ್ರಿಕಾದ ಗ್ಯಾಂಬಿಯಾ ದೇಶ 2019ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಬರ್ಮಾದ ಮೇಲೆ ಕೇಸು ಹಾಕಿತು.

ಸೂ ಕಿ ಅಧಿಕಾರಕ್ಕೆ ಬಂದಾಗ ಸರಿ ಹೋಗಲಿಲ್ವಾ?

ಇದು ನೋವಿನ ಮಾತು. ನನ್ನ ವಯಸ್ಸಿನವರೆಲ್ಲ ಅವರ ಫೋಟೊ ನೋಡುತ್ತ ಬೆಳೆದವರು. 2011ರಲ್ಲಿ ಅವರೇ ಒಂದು ವಿಡಿಯೊದಲ್ಲಿ ತಮ್ಮ ದೇಶದಲ್ಲಿ ಅತ್ಯಾಚಾರವನ್ನು ಅಸ್ತ್ರವಾಗಿ ಬಳಸುತ್ತಾರೆ ಅಂತ ಸ್ಪಷ್ಟವಾಗಿ ಹೇಳಿದ್ದರು. ಅಧಿಕಾರಕ್ಕೆ ಬಂದ ಮೇಲೆ, 2016ರಲ್ಲಿ, ಅವರ ಕಚೇರಿಯ ಫೇಸ್‌ಬುಕ್ ಪುಟವೇ ರೋಹಿಂಗ್ಯಾ ಹೆಂಗಸರ ದೂರುಗಳನ್ನು ‘ಸುಳ್ಳು ಅತ್ಯಾಚಾರ’ ಅಂತ ಹಾಕಿತು. 2019ರ ಡಿಸೆಂಬರ್‌ನಲ್ಲಿ ಹೇಗ್‌ಗೆ ಹೋಗಿ ಅವರೇ ಕೋರ್ಟಿನಲ್ಲಿ ದೇಶದ ಪರ ನಿಂತು, ನರಮೇಧದ ಆರೋಪ ತಳ್ಳಿಹಾಕಿದರು. ಅವರ ಕೈ ಸೇನೆ ಕಟ್ಟಿಹಾಕಿತ್ತು ಅನ್ನುವವರಿದ್ದಾರೆ. ಕೈ ಕಟ್ಟಿರಬಹುದು, ಆ ಪುಟದಲ್ಲಿ ಬರೆದದ್ದಕ್ಕೆ ಅದು ಸಮಾಧಾನವಾಗದು.

ಕಚಿನ್ ಹುಡುಗಿಯರನ್ನು ಚೀನಾಕ್ಕೆ ಮಾರುತ್ತಾರೆ ಅಂತ ಓದಿದೆ. ನಿಜವಾ?

ನಿಜ. ಸೇನೆಗೂ ಕಚಿನ್ ಬಂಡುಕೋರರಿಗೂ ನಡುವಿನ 17 ವರ್ಷದ ಕದನವಿರಾಮ 2011ರ ಜೂನ್‌ನಲ್ಲಿ ಮುರಿಯಿತು. ಲಕ್ಷಕ್ಕೂ ಹೆಚ್ಚು ಜನ ಶಿಬಿರ ಸೇರಿದರು. ಶಿಬಿರದಲ್ಲಿ ದುಡಿಮೆ ಇಲ್ಲ, ಗಡಿಯಾಚೆ ಇದೆ. ಚೀನಾದಲ್ಲಿ ಹುಡುಗಿಯರ ಸಂಖ್ಯೆ ಕಡಿಮೆಯಾಗಿ ಮದುವೆಗೆ ಹೆಣ್ಣು ಸಿಗದ ಕಾಲ. ಪರಿಚಯದವರೇ, ಕೆಲವು ಸಲ ನೆಂಟರೇ, ಕೆಲಸ ಕೊಡಿಸುತ್ತೇನೆ ಅಂತ ಕರೆದೊಯ್ದು ಮಾರಿಬಿಡುತ್ತಾರೆ. ಕೋಣೆಯಲ್ಲಿ ಕೂಡಿಹಾಕಿ ಮಗು ಹೆರುವವರೆಗೆ ಬಿಡದ ಮನೆಗಳಿವೆ. ತಪ್ಪಿಸಿಕೊಂಡು ಬಂದವಳು ಮಗುವನ್ನು ಅಲ್ಲೇ ಬಿಟ್ಟು ಬರಬೇಕು.

ಕುತ್ತಿಗೆಗೆ ಹಿತ್ತಾಳೆ ಸುರುಳಿ ಹಾಕಿಕೊಂಡ ಹೆಂಗಸರ ಫೋಟೊ ನೋಡಿದ್ದೇನೆ. ಅವರೂ ಇವರೇನಾ?

ಹೌದು, ಕಯಾನ್ ಹೆಂಗಸರು. ಯುದ್ಧಕ್ಕೆ ಹೆದರಿ ಥಾಯ್ಲೆಂಡಿಗೆ ಬಂದವರು. ಅಲ್ಲಿ ಅವರನ್ನು ಪ್ರವಾಸಿಗರು ದುಡ್ಡು ಕೊಟ್ಟು ನೋಡುವ ಹಳ್ಳಿಗಳಲ್ಲಿ ಇರಿಸಿದರು. ಥಾಯ್ಲೆಂಡ್ ಪ್ರವಾಸಕ್ಕೆ ಹೋಗುವ ನಮ್ಮವರು ಆ ಟಿಕೆಟ್ ಕೊಳ್ಳುವ ಮೊದಲು ಇದನ್ನು ತಿಳಿದಿದ್ದರೆ ಒಳ್ಳೇದು.

ಅವರವರ ಜನಾಂಗದ ಗಂಡಸರು ಹೆಂಗಸರನ್ನು ಸಮಾನವಾಗಿ ನೋಡುತ್ತಾರಾ?

ಎಲ್ಲ ಕಡೆ ಇಲ್ಲ. ಚಿನ್ ಸಂಪ್ರದಾಯದಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿ ಬರುವುದಿಲ್ಲ. ಬಂಡುಕೋರ ಸಂಘಟನೆಗಳ ಮೇಲಿನ ಕುರ್ಚಿಗಳಲ್ಲಿ ಹೆಂಗಸರು ತೀರಾ ಕಡಿಮೆ. ಸಿಪೋರಾ ಸೇನ್ 2008ರಲ್ಲಿ ಕರೆನ್ ನ್ಯಾಷನಲ್ ಯೂನಿಯನ್ನಿನ ಪ್ರಧಾನ ಕಾರ್ಯದರ್ಶಿಯಾದದ್ದು ದೊಡ್ಡ ಸುದ್ದಿಯಾಯಿತು. ಅಷ್ಟು ಅಪರೂಪ. ಸೇನೆಯನ್ನು ಬೈಯುವಾಗ ಇದನ್ನು ಮರೆಸುವುದು ಸರಿಯಲ್ಲ ಅಂತ ಆ ಹೆಂಗಸರೇ ಹೇಳುತ್ತ ಬಂದಿದ್ದಾರೆ.

2021ರಲ್ಲಿ ರಸ್ತೆಗೆ ಅಡ್ಡವಾಗಿ ಲುಂಗಿ ಕಟ್ಟಿದ್ದು ಯಾಕೆ?

ಫೆಬ್ರವರಿ 1ರಂದು ಸೇನೆ ಮತ್ತೆ ಅಧಿಕಾರ ಹಿಡಿಯಿತು. ಬೀದಿಗಿಳಿದವರಲ್ಲಿ ಹೆಂಗಸರು ಬಹಳ. ಅಲ್ಲಿ ಹೆಂಗಸರು ಉಡುವ ಲುಂಗಿಗೆ ತಮೇನ್ ಅನ್ನುತ್ತಾರೆ. ಅದರ ಕೆಳಗೆ ಗಂಡಸು ನುಸುಳಿದರೆ ಅವನ ತೇಜಸ್ಸು ಹೋಗುತ್ತದೆ ಎಂಬ ನಂಬಿಕೆ ಇದೆ. ಮಡಿ-ಮೈಲಿಗೆ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಂಗಸರು ತಂತಿ ಕಟ್ಟಿ ಬೀದಿಯುದ್ದಕ್ಕೂ ತಮೇನ್ ನೇತುಹಾಕಿದರು. ಬಂದೂಕು ಹಿಡಿದ ಸೈನಿಕರು ನಿಂತು, ಒಂದೊಂದಾಗಿ ಬಿಚ್ಚಿ ಮುಂದೆ ಹೋಗಬೇಕಾಯಿತು.

ಆದರೆ ಗಡಿ ರಾಜ್ಯಗಳಿಗೆ ಇಳಿದದ್ದು ವಿಮಾನದ ಬಾಂಬು. 2021ರ ಸೆಪ್ಟೆಂಬರ್‌ನಿಂದ ಚಿನ್ ರಾಜ್ಯದ ಥಾಂಟ್ಲಾಂಗ್ ಪಟ್ಟಣಕ್ಕೆ ಮತ್ತೆ ಮತ್ತೆ ಬೆಂಕಿ ಬಿತ್ತು, ಊರು ಬರಿದಾಯಿತು. ಅದೇ ವರ್ಷ ಡಿಸೆಂಬರ್ 24ರಂದು ಕರೆನ್ನಿ ಜನರ ಮೋ ಸೋ ಹಳ್ಳಿಯ ಹತ್ತಿರ ಹೆಂಗಸರು, ಮಕ್ಕಳು ಸೇರಿ ಕನಿಷ್ಠ 35 ಜನರನ್ನು ಕೊಂದು ವಾಹನಗಳಲ್ಲೇ ಸುಟ್ಟರು. ಮರುದಿನ ಕ್ರಿಸ್‌ಮಸ್. ಕರೆನ್ನಿಯವರಲ್ಲಿ ಕ್ರೈಸ್ತರು ಬಹಳ. 2024ರ ಫೆಬ್ರವರಿಯಲ್ಲಿ ಸೇನೆ ಕಡ್ಡಾಯ ಭರ್ತಿ ಕಾನೂನನ್ನು ಜಾರಿಗೆ ತಂದಿತು. ಅದರಲ್ಲಿ 18ರಿಂದ 27 ವರ್ಷದ ಹೆಂಗಸರೂ ಇದ್ದಾರೆ. ಮೊದಲಿಗೆ ಹೆಂಗಸರನ್ನು ಕರೆಯುವುದಿಲ್ಲ ಅಂದರೂ, ಹುಡುಗಿಯರನ್ನು ಗಡಿ ದಾಟಿಸಿದ ತಾಯಂದಿರು ಆ ಮಾತು ನಂಬಲಿಲ್ಲ.

ಇದನ್ನೆಲ್ಲ ಬರೆದಿಟ್ಟವರು ಯಾರು?

ಅವರೇ. ಗಡಿ ದಾಟಿ ಬಂದ ಹೆಂಗಸರು, ಥಾಯ್ಲೆಂಡಿನ ಶಿಬಿರಗಳಲ್ಲಿ ಕೂತು, ಹೊಸದಾಗಿ ಬಂದವರನ್ನು ಅವರದೇ ಮಾತಿನಲ್ಲಿ ಕೇಳಿ ಕೇಳಿ ಬರೆದರು. ಕರೆನ್ ಮಹಿಳಾ ಸಂಘಟನೆ 1949ರದ್ದು. 1999ರ ಡಿಸೆಂಬರ್‌ನಲ್ಲಿ ಬೇರೆ ಬೇರೆ ಜನಾಂಗದ ಸಂಘಟನೆಗಳು ಸೇರಿ ಬರ್ಮಾ ಮಹಿಳಾ ಒಕ್ಕೂಟ ಕಟ್ಟಿಕೊಂಡವು. ಶಾನ್ ಹುಡುಗಿ ಚಾರ್ಮ್ ಟಾಂಗ್ ಹದಿಹರೆಯದಲ್ಲೇ ವಿಶ್ವಸಂಸ್ಥೆಯ ಮುಂದೆ ಮಾತಾಡಿದವಳು. ಕರೆನ್ ವೈದ್ಯೆ ಸಿಂಥಿಯಾ ಮಾಂಗ್ 1989ರಲ್ಲಿ ಗಡಿಯ ಮೇ ಸೊಟ್ ಊರಿನಲ್ಲಿ ಶುರುಮಾಡಿದ ಚಿಕಿತ್ಸಾಲಯದಲ್ಲಿ ಹೆರಿಗೆಯಾದ, ಬಾಂಬಿಗೆ ಕಾಲು ಕಳೆದುಕೊಂಡು ಕೃತಕ ಕಾಲು ಪಡೆದ ಜನ ಲೆಕ್ಕವಿಲ್ಲ. 2002ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರೋಹಿಂಗ್ಯಾ ವಕೀಲೆ ವೇ ವೇ ನು 18 ವರ್ಷಕ್ಕೆ ಜೈಲು ಸೇರಿ ಏಳು ವರ್ಷ ಒಳಗಿದ್ದರು, ತಂದೆಯ ರಾಜಕೀಯಕ್ಕಾಗಿ. ಹೊರಬಂದು ಕಾನೂನು ಓದು ಮುಗಿಸಿದರು.

ಇದಕ್ಕೂ ನಮಗೂ ಏನು ಸಂಬಂಧ?

ಭಾರತಕ್ಕೂ ಬರ್ಮಾಕ್ಕೂ ಗಡಿ ಒಂದೇ. 2021ರ ನಂತರ 30,000ಕ್ಕೂ ಹೆಚ್ಚು ಚಿನ್ ಜನ ತಿಯಾವ್ ನದಿ ದಾಟಿ ಮಿಜೋರಾಂಗೆ ಬಂದರು. ಮಿಜೋ ಜನರಿಗೂ ಅವರಿಗೂ ರಕ್ತಸಂಬಂಧ. ವಾಪಸ್ ಕಳಿಸಿ ಎಂಬ ಸೂಚನೆ ದೆಹಲಿಯಿಂದ ಬಂದರೂ ಅಲ್ಲಿನ ಚರ್ಚುಗಳು, ಊರಿನವರು ಅಕ್ಕಿ, ಬಟ್ಟೆ ಕೊಟ್ಟು ಇಟ್ಟುಕೊಂಡರು. ಮಕ್ಕಳನ್ನು ಶಾಲೆಗೂ ಸೇರಿಸಿಕೊಂಡರು. ನಮ್ಮ ಬೆಂಗಳೂರಿನ ಅಂಚಿನಲ್ಲೇ ಕಸ ವಿಂಗಡಿಸಿ ಬದುಕುವ ರೋಹಿಂಗ್ಯಾ ಕುಟುಂಬಗಳಿವೆ. ನಿರಾಶ್ರಿತರ ಬಗೆಗಿನ 1951ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ವಿಶ್ವಸಂಸ್ಥೆ ಕೊಟ್ಟ ಚೀಟಿ ಕೈಯಲ್ಲಿದ್ದರೂ ಭಯ ಹೋಗುವುದಿಲ್ಲ.

ಇಂಥವರೊಬ್ಬರು ಎದುರಿಗೆ ಸಿಕ್ಕರೆ ಹೇಗೆ ಮಾತಾಡಲಿ?

‘ನಿಮಗೆ ಏನಾಯ್ತು?’ ಅಂತ ಕೇಳಬೇಡಿ. ಹೇಳಬೇಕು ಅನಿಸಿದಾಗ ಅವರೇ ಹೇಳುತ್ತಾರೆ. ಮುಖದ ಫೋಟೊ ತೆಗೆದು ಎಲ್ಲೂ ಹಾಕಬೇಡಿ, ಮನೆಯವರು ಇನ್ನೂ ಅಲ್ಲೇ ಇರಬಹುದು. ಆಸ್ಪತ್ರೆಗೆ, ಶಾಲೆಗೆ ಜೊತೆಗೆ ಹೋಗಿ, ಕನ್ನಡದಲ್ಲಿ ಅವರ ಪರವಾಗಿ ನಾಲ್ಕು ಮಾತಾಡಿ. ‘ಬರ್ಮಾದವರಾ?’ ಅಂತ ಕೇಳಿ ಬಿಡಬೇಡಿ, ಯಾವ ಜನ, ಯಾವ ಮಾತು ಅಂತ ಕೇಳಿ. ಹೆಸರು ಕೇಳಿ. ಮೊದಲ ಸಲಕ್ಕೆ ನಾಲಿಗೆ ಹೊರಳದಿದ್ದರೆ ಇನ್ನೊಮ್ಮೆ ಹೇಳಿಸಿಕೊಳ್ಳಿ.